ನನಗೆ ಗೀಚಲು ಬರುವುದಿಲ್ಲ

ತನಗೆ ಚೆನ್ನಾಗಿ ಗೊತ್ತಿರುವ ವಿದ್ಯೆಯನ್ನು ಮನೆಯ ಮಗುವಿಗೆ ಹೇಳಿಕೊಡಲು ಹೊರಟವನಷ್ಟು ಅಪಾಯದ ಮನುಷ್ಯ ಇನ್ನೊಬ್ಬನಿಲ್ಲ ಎಂಬುದು ನನಗೀಗ ಖಾತ್ರಿಯಾಗಿದೆ. ಸಂಗೀತ ಬಾರದ ತಂದೆ ಮಗು ಕಿರುಚಿದರೂ ‘ಆಹಾ, ಎಂಥ ಕಂಠ’ ಎಂದು ಹಿಗ್ಗುತ್ತಾನೆ. ಸಂಗೀತ ಬಲ್ಲವನು ತಕ್ಷಣ ಶ್ರುತಿ ಸರಿಮಾಡಲು ಕೂರುತ್ತಾನೆ. ನನಗೆ ಬರುವ ವಿದ್ಯೆ ಒಂದೇ, ಗೆರೆ ಎಳೆಯುವುದು. ಬಹರೇನಿನ ಸಿತ್ರಾ ದ್ವೀಪದಲ್ಲಿ ಒಂದು ಕಾರ್ಖಾನೆಯಲ್ಲಿ ನಾನು ಪೈಪುಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ. ನನ್ನ ಹಾಳೆಯ ಮೇಲೆ ಗೆರೆ ಒಂದು ಕೂದಲೆಳೆಯಷ್ಟು ಆಚೆ ಹೋದರೆ ಅಲ್ಲಿ ನಿಜವಾದ ಪೈಪು ನಿಜವಾದ ಗೋಡೆಗೆ ಹೋಗಿ ಬಡಿಯುತ್ತದೆ, ನಿಜವಾದ ಫೋರ್‌ಮನ್ ನಿಜವಾದ ಬೈಗುಳ ಬೈಯುತ್ತಾನೆ. ಹಾಗಾಗಿ ಗೆರೆ ಎಂದರೆ ನನಗೆ ಭಯಭಕ್ತಿ. ತರಕಾರಿ ಚೀಟಿ ಬರೆದರೂ ಮೊದಲು ಅಂಚು ಹಾಕಿಕೊಳ್ಳುವ ಜಾತಿ ನಾನು. ಹೆಂಡತಿ ಸುಧಾ ಮದುವೆಯಾದ ಹೊಸದರಲ್ಲಿ ಇದನ್ನು ನೋಡಿ ಮೆಚ್ಚಿಕೊಂಡಿದ್ದಳಂತೆ. ಆಮೇಲೆ ಯಾಕೋ ಆ ವಿಷಯ ಎತ್ತಲಿಲ್ಲ.

ಇಂಥ ಮನೆಯಲ್ಲಿ ನಮ್ಮ ಮಗಳು ಚಿನ್ಮಯಿ ಹುಟ್ಟಿದಳು. ನಾವು ಕರೆಯುವುದು ಚಿನ್ನಿ ಎಂದು. ಹೂರಾ ಎಂಬ ಬಡಾವಣೆಯ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಸುಧಾ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ನಾನು ಬೆಳಗಾಗುತ್ತಲೇ ಕಂಪನಿ ಬಸ್ಸು ಹಿಡಿಯಬೇಕು. ಆದ್ದರಿಂದ ಚಿನ್ನಿಗೆ ಒಂದೂವರೆ ವರ್ಷವಾದಾಗಿನಿಂದ ಹಗಲು ಹೊತ್ತು ಅವಳು ನಮ್ಮ ಕೆಳಗಿನ ಮಹಡಿಯ ಲಿಲ್ಲಿ ಬಾಯಿಯವರ ಮನೆಯಲ್ಲಿ ಇರುತ್ತಿದ್ದಳು. ಲಿಲ್ಲಿ ಬಾಯಿ ಕಾರ್ಕಳದ ಕಡೆಯವರು, ಊರಿನಲ್ಲಿದ್ದಾಗ ಬಾಲವಾಡಿ ಟೀಚರ್. ಗಂಡ ಹೋಟೆಲೊಂದರ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದರು. ಇವರು ನಮ್ಮಂಥವರ ನಾಲ್ಕೈದು ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದರು. ಗಿಡ್ಡನೆಯ, ದುಂಡನೆಯ ಹೆಂಗಸು. ದನಿ ಮಾತ್ರ ನಾಲ್ಕು ಮಹಡಿಗೂ ಸಾಕಾಗುವಷ್ಟು. ಅವರ ಮುಂದೆ ಮಕ್ಕಳು ಹೆದರುತ್ತಿರಲಿಲ್ಲ, ಮಕ್ಕಳ ಅಪ್ಪಂದಿರು ಹೆದರುತ್ತಿದ್ದರು.

ಚಿನ್ನಿಗೆ ಮಾತು ತಡವಾಗಿ ಬಂತು. ಎರಡು ವರ್ಷ ದಾಟಿದರೂ ಅಮ್ಮ, ಅಪ್ಪ, ಹಾಲು, ಬೇಡ, ಇಷ್ಟರಲ್ಲೇ ಸಂಸಾರ ನಡೆಸುತ್ತಿದ್ದಳು. ಮನೆಯಲ್ಲಿ ನಮ್ಮ ದಾವಣಗೆರೆ ಕನ್ನಡ, ಕೆಳಗಿನ ಮನೆಯಲ್ಲಿ ಲಿಲ್ಲಿ ಬಾಯಿಯವರ ಕಾರ್ಕಳದ ಕನ್ನಡ, ಅವರ ಗಂಡನೊಂದಿಗೆ ಕೊಂಕಣಿ, ಮೆಟ್ಟಿಲ ಮೇಲೆ ಹಿಂದಿ, ಟೀವಿಯಲ್ಲಿ ಇಂಗ್ಲಿಷು. ‘ಇಷ್ಟೊಂದು ಭಾಷೆ ಕಿವಿಗೆ ಬಿದ್ದರೆ ಮಗು ಸ್ವಲ್ಪ ಯೋಚನೆ ಮಾಡಿ ಮಾತಾಡುತ್ತದೆ, ಕಾಯಿರಿ’ ಎಂದು ಡಾಕ್ಟರು ಹೇಳಿದ್ದರು. ಕಾಯುವುದು ಗಂಡಸರಿಗೆ ಸುಲಭ. ಸುಧಾ ಮಾತ್ರ ದಿನಾ ಸಂಜೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ಚಿನ್ನಿ, ಊಟ ಆಯ್ತು ಅನ್ನು. ಅನ್ನಮ್ಮಾ’ ಎಂದು ಗೋಗರೆಯುತ್ತಿದ್ದಳು. ಚಿನ್ನಿ ಅಮ್ಮನ ಬಾಯಿಯನ್ನೇ ಬೆರಗಿನಿಂದ ನೋಡಿ, ಕೊನೆಗೆ ‘ಹಾಲು’ ಎನ್ನುತ್ತಿದ್ದಳು.

ಕ್ರೇಯಾನು ನಮ್ಮ ಮನೆಗೆ ಬಂದದ್ದು ಲಿಲ್ಲಿ ಬಾಯಿಯವರ ಅಪ್ಪಣೆಯಿಂದ. ‘ಮಗುವಿಗೆ ಬಣ್ಣ ಕೊಡ್ಲಿಕ್ಕೆ ಶುರು ಮಾಡಿ. ಬಾಯಲ್ಲಿ ಬಾರದ್ದು ಕೈಯಲ್ಲಿ ಬರ್ತದೆ ಒಮ್ಮೊಮ್ಮೆ’ ಎಂದರು. ನಾನು ಆ ಸಂಜೆಯೇ ಅಂಗಡಿಗೆ ಹೋಗಿ ನಲವತ್ತೆಂಟು ಬಣ್ಣಗಳ ಒಂದು ಪೆಟ್ಟಿಗೆ ತಂದೆ. ಒಂದೇ ಎತ್ತರ, ಚೂಪು ತುದಿ, ಮೈಗೆ ಕಾಗದದ ಅಂಗಿ ತೊಟ್ಟು ಕವಾಯತಿಗೆ ನಿಂತ ಪೊಲೀಸರ ಹಾಗೆ ನಲವತ್ತೆಂಟು ಕಡ್ಡಿಗಳು. ಮರುದಿನ ಹೆಮ್ಮೆಯಿಂದ ಲಿಲ್ಲಿ ಬಾಯಿಯವರ ಕೈಗೆ ಕೊಟ್ಟೆ. ಅವರು ಅದರಿಂದ ಗಾಢ ಬಣ್ಣದ ಆರು ಕಡ್ಡಿ ಆರಿಸಿ, ಕಾಗದ ಸುಲಿದು, ನನ್ನ ಕಣ್ಣೆದುರಿಗೇ ಒಂದೊಂದನ್ನೂ ಪಟ್ ಪಟ್ ಎಂದು ಎರಡು ತುಂಡು ಮಾಡಿದರು.

‘ಅಯ್ಯೋ, ಮುರಿದ್ರಲ್ಲ!’

‘ಉದ್ದ ಕಡ್ಡಿ ಕೊಟ್ರೆ ಮಗು ಮುಷ್ಟಿ ಕಟ್ಟಿ ಹಿಡೀತದೆ ಮಾರಾಯ್ರೆ. ಗಿಡ್ಡ ಆದ್ರೆ ಬೆರಳಲ್ಲಿ ಹಿಡಿಯಲೇಬೇಕು. ಉಳಿದದ್ದು ನೀವು ಕಪಾಟಿನಲ್ಲಿಟ್ಟು ಪೂಜೆ ಮಾಡಿ’ ಎಂದರು.

ಅವರ ಮನೆಯಲ್ಲಿ ಬಣ್ಣದ ಕೆಲಸವೇ ಬೇರೆ ರೀತಿ. ಮೈದಾ ಹಿಟ್ಟನ್ನು ಗಂಜಿಯ ಹಾಗೆ ಕಾಯಿಸಿ, ಲಡ್ಡುವಿಗೆ ಹಾಕುವ ಬಣ್ಣ ಕಲಸಿ, ಬಟ್ಟಲಿಗೆ ಸುರಿದು ಮಕ್ಕಳ ಮುಂದಿಟ್ಟುಬಿಡುತ್ತಿದ್ದರು. ಮಕ್ಕಳು ಅದನ್ನು ಹಾಳೆಗೆ ಬಳಿಯುತ್ತಿದ್ದವು, ಹೊಟ್ಟೆಗೆ ಬಳಿಯುತ್ತಿದ್ದವು, ನಡುವೆ ಎರಡು ಬೆರಳು ನೆಕ್ಕುತ್ತಿದ್ದವು. ‘ಹೊಟ್ಟೆಗೆ ಹೋದ್ರೂ ಮೈದಾ ಅಲ್ವಾ, ನೀವು ಪರೋಟ ತಿನ್ನುವುದಿಲ್ವಾ?’ ಎಂಬುದು ಅವರ ವಾದ. ಹಾಳೆಯ ವ್ಯವಸ್ಥೆ ಮಾತ್ರ ನನ್ನದು. ಆಫೀಸಿನಲ್ಲಿ ರದ್ದಾದ ನಕ್ಷೆಗಳನ್ನು ಸಾಹೇಬರ ಒಪ್ಪಿಗೆ ಪಡೆದು ಸುರುಳಿ ಸುತ್ತಿ ತರುತ್ತಿದ್ದೆ. ಒಂದೊಂದೂ ಹಾಸಿಗೆಯಷ್ಟು ದೊಡ್ಡದು, ಬೆನ್ನು ಖಾಲಿ. ಒಂದು ಬದಿಗೆ ನಾನು ಹದಿನೈದು ದಿನ ಬೆವರು ಸುರಿಸಿ ಬರೆದ ಪೈಪು, ಇನ್ನೊಂದು ಬದಿಗೆ ಚಿನ್ನಿಯ ಕೆಂಪು ಗೀಚು. ಅವಳು ಹಾಳೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ, ನಾಲಿಗೆಯ ತುದಿ ಹೊರಗೆ ಹಾಕಿ, ಗುಂಡಗೆ, ಉದ್ದಕ್ಕೆ, ಅಡ್ಡಕ್ಕೆ, ಗಾಣದೆತ್ತಿನ ಶ್ರದ್ಧೆಯಿಂದ ಕೈಯಾಡಿಸುತ್ತಿದ್ದಳು. ಒಂದು ತಿಂಗಳು ಎಲ್ಲರೂ ಸುಖವಾಗಿದ್ದೆವು.

ಆಮೇಲೆ ಒಂದು ಶುಕ್ರವಾರ, ಅಲ್ಲಿ ವಾರದ ರಜೆ ಅಂದೇ, ಮಧ್ಯಾಹ್ನ ಊಟವಾಗಿ ನಿದ್ದೆ ಬಾರದೆ, ನಾನು ಅವಳ ಪಕ್ಕ ಹೋಗಿ ಕೂತೆ. ಅಲ್ಲೇ ಎಲ್ಲ ಕೆಟ್ಟಿತು. ಹಾಳೆ ತುಂಬ ನೀಲಿ ಸಿಕ್ಕು. ‘ಇದೇನು ಚಿನ್ನಿ?’ ಎಂದೆ. ಅವಳು ನನ್ನನ್ನು ನೋಡಿದಳು, ಹಾಳೆ ನೋಡಿದಳು. ಅದು ಏನೋ ಆಗಿರಬೇಕು ಎಂಬ ವಿಷಯವೇ ಅವಳಿಗೆ ಆಗ ತಿಳಿದದ್ದು ಎಂದು ಕಾಣುತ್ತದೆ. ‘ಆನೆಯಾ? ಆನೆ ಹೀಗಲ್ಲ ಪುಟ್ಟಿ, ಕೊಡು ಇಲ್ಲಿ’ ಎಂದು ಅವಳ ಬೆರಳಿನಿಂದ ಕ್ರೇಯಾನು ಬಿಡಿಸಿಕೊಂಡು ನಾನೊಂದು ಆನೆ ಬರೆದೆ. ಒಳ್ಳೆಯ ಆನೆ, ಸುಳ್ಳು ಯಾಕೆ ಹೇಳಲಿ? ನಾಲ್ಕು ಕಾಲೂ ಒಂದೇ ದಪ್ಪ, ಸೊಂಡಿಲು ಅಚ್ಚುಕಟ್ಟಾಗಿ ತೊಂಬತ್ತು ಡಿಗ್ರಿ ತಿರುಗಿತ್ತು. ಚಿನ್ನಿ ಕೈ ಬಡಿದು ಕುಣಿದಳು. ನನಗೆ ಎಂಥ ಉಬ್ಬು ಬಂತು! ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನ ಗೆರೆಗೆ ಯಾರೂ ಕೈ ಬಡಿದಿರಲಿಲ್ಲ. ಒಂದು ಬಸ್ಸು ಬರೆದೆ. ಮುಹರ್ರಕ್ಕಿನ ವಿಮಾನ ನಿಲ್ದಾಣದ ಕಡೆ ಇಳಿಯುವ ವಿಮಾನ ಬರೆದೆ. ಬೆಕ್ಕು, ಮೀನು, ಮಾವಿನಹಣ್ಣು. ಮರುದಿನವೂ, ಅದರ ಮರುದಿನವೂ. ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನ ಪಿಳ್ಳೆಯವರಿಗೆ, ‘ಮಗಳಿಗೆ ಚಿತ್ರಕಲೆಯಲ್ಲಿ ಭಾರೀ ಆಸಕ್ತಿ. ನನ್ನದೇ ರಕ್ತ ನೋಡಿ’ ಎಂದೆ. ಅವರು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು.

ಎರಡು ವಾರ ಕಳೆಯುವಷ್ಟರಲ್ಲಿ ನಾನು ಗಮನಿಸಬೇಕಾಗಿದ್ದ ಸಂಗತಿಯನ್ನು ಸುಧಾ ಗಮನಿಸಿದಳು. ‘ರೀ, ಕ್ರೇಯಾನು ಯಾವಾಗ್ಲೂ ನಿಮ್ಮ ಕೈಯಾಗೇ ಐತಲ್ಲ?’ ಎಂದಳು. ನೋಡಿದರೆ ಹೌದು. ನಾನು ಬಸ್ಸಿಳಿದು ಬರುವುದನ್ನೇ ಕಾದು ಚಿನ್ನಿ ಕ್ರೇಯಾನನ್ನು ನನ್ನ ಅಂಗೈಗೆ ಒತ್ತಿ ‘ಆನೆ’ ಎನ್ನುತ್ತಿದ್ದಳು. ಒಂದು ಸಂಜೆಗೆ ಹನ್ನೊಂದು ಆನೆ ಬರೆದದ್ದೂ ಉಂಟು. ಸುಸ್ತಾಗಿ ‘ಇವತ್ತು ನೀನು ಬರಿ ಪುಟ್ಟಿ, ಅಪ್ಪ ನೋಡ್ತಾನೆ’ ಎಂದೆ. ಅವಳು ಕ್ರೇಯಾನು ತೆಗೆದುಕೊಂಡಳು. ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟಳು. ನನ್ನ ಆನೆಗಳ ಕಡೆ ಒಮ್ಮೆ ನೋಡಿದಳು. ಆಮೇಲೆ ಕ್ರೇಯಾನನ್ನು ಮೆಲ್ಲಗೆ ನೆಲದ ಮೇಲಿಟ್ಟು, ಸ್ಪಷ್ಟವಾಗಿ, ಒಂದಕ್ಷರ ತಡವರಿಸದೆ ಹೇಳಿದಳು:

‘ನಂಗೆ ಬರಲ್ಲ.’

ಅಡಿಗೆಮನೆಯ ಬಾಗಿಲಲ್ಲಿ ಸುಧಾ ಸೌಟು ಹಿಡಿದುಕೊಂಡು ನಿಂತಿದ್ದಳು. ನಾವು ಒಂದು ವರ್ಷದಿಂದ ಕಾದದ್ದು ಇದಕ್ಕೆ, ಮಗಳ ಬಾಯಿಂದ ಒಂದು ಪೂರ್ತಿ ಮಾತಿಗೆ. ಊರಿಗೆ ಫೋನು ಮಾಡಿ ಅತ್ತೆಗೆ ಹೇಳಬೇಕು, ಪಾಯಸ ಮಾಡಬೇಕು ಎಂದೆಲ್ಲ ಅಂದುಕೊಂಡಿದ್ದೆವು. ಸುಧಾ ಸೌಟನ್ನು ಕಟ್ಟೆಯ ಮೇಲಿಟ್ಟು ಬಂದು ಮಗುವನ್ನು ಎತ್ತಿಕೊಂಡಳು. ‘ಮೊದಲನೇ ಮಾತು ಇದಾ ರೀ?’ ಎಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಆ ರಾತ್ರಿ ಪಾಯಸ ಆಗಲಿಲ್ಲ.

ತಪ್ಪು ಮಾಡಿದವನು ಸುಮ್ಮನಿದ್ದರೆ ಅರ್ಧ ತಪ್ಪು ತಾನೇ ಸರಿಹೋಗುತ್ತದೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅಂಚಿನ ಚಿತ್ರಗಳಿರುವ ಬಣ್ಣ ತುಂಬುವ ಪುಸ್ತಕ ತಂದೆ, ಅವಳು ಪುಟ ತಿರುವಿ ಮುಚ್ಚಿಟ್ಟಳು. ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಕೂತು, ಚುಕ್ಕೆ ಚುಕ್ಕೆಯಾಗಿ ಆನೆ ಬರೆದುಕೊಂಡು ಬಂದೆ, ಅವಳು ಚುಕ್ಕೆ ಕೂಡಿಸಿದರೆ ಸಾಕು, ಆನೆ ತಯಾರು. ಅವಳ ಬೆರಳು ಹಿಡಿದು ತಿದ್ದಿಸಲು ನೋಡಿದೆ. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಆ ಮೂರು ಪದ ಅವಳಿಗೆ ಒಳ್ಳೆಯ ಆಯುಧವಾಗಿ ಕೈಗೆ ಸಿಕ್ಕಿತ್ತು. ಚಪ್ಪಲಿ ಹಾಕಿಕೋ ಎಂದರೆ ನಂಗೆ ಬರಲ್ಲ, ಚಮಚ ಹಿಡಿ ಎಂದರೆ ನಂಗೆ ಬರಲ್ಲ. ‘ನಂಗೆ ಬರಲ್ಲ’ ಎನ್ನಲು ಮೂರು ಪದ ಬೇಕಿಲ್ಲ, ಎರಡೇ ಎಂದು ಸುಧಾ ತಿದ್ದುತ್ತಾಳೆ. ಇರಲಿ, ನನ್ನ ಕಿವಿಗೆ ಅದು ಬಹಳ ಉದ್ದವಾಗಿ ಕೇಳಿಸುತ್ತಿತ್ತು.

ಒಂದು ಸಂಜೆ ಮಗುವನ್ನು ಕರೆದುಕೊಂಡು ಬರಲು ಹೋದಾಗ ಲಿಲ್ಲಿ ಬಾಯಿ ಬಾಗಿಲಿಗೆ ಅಡ್ಡ ನಿಂತರು. ‘ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಚಿನ್ನಿ ಹತ್ತು ದಿವಸದಿಂದ ಇಲ್ಲಿ ಬಣ್ಣ ಮುಟ್ಟುವುದಿಲ್ಲ. ಎಲ್ಲ ಮಕ್ಕಳು ಗೀಚಿದ್ರೆ ಇವಳು ಗೋಡೆಗೆ ಒರಗಿ ನೋಡ್ತಾ ಕೂತ್ಕೊಳ್ತಾಳೆ. ನಿಮ್ಮ ಮನೆಯಲ್ಲಿ ಯಾರು ಚಿತ್ರ ಬಿಡಿಸುವುದು?’

ಪೊಲೀಸರು ಮನೆಗೆ ಬಂದು ‘ಈ ಚಾಕು ಯಾರದ್ದು?’ ಎಂದಂತಿತ್ತು. ನಾನು ಎಲ್ಲ ಒಪ್ಪಿಕೊಂಡೆ. ಹನ್ನೊಂದು ಆನೆಗಳ ಲೆಕ್ಕವನ್ನೂ ಮುಚ್ಚಿಡಲಿಲ್ಲ.

‘ಎಂತ ಮಾಡಿದ್ರಿ ನೀವು!’ ಎಂದು ಅವರು ಹಣೆ ಹಣೆ ಚಚ್ಚಿಕೊಂಡರು. ‘ಅವಳು ಗುಂಡಗೆ ಕೈ ತಿರುಗಿಸ್ತಾ ಇದ್ದದ್ದು ಆನೆ ಬಿಡಿಸ್ಲಿಕ್ಕಾ? ಕೈ ತಿರುಗಿದ್ರೆ ಗೆರೆ ಬರ್ತದೆ ಅಂತ ನೋಡ್ಲಿಕ್ಕೆ. ನೀವು ಹೋಗಿ ಅಲ್ಲಿ ಆನೆ ನಿಲ್ಲಿಸಿದ್ರಿ. ಅವಳು ನೋಡಿದಳು. ನನ್ನದು ಹಾಗೆ ಇಲ್ಲ ಅಂತ ಗೊತ್ತಾಯ್ತು. ಎರಡೂವರೆ ವರ್ಷದ ಮಗುವಿಗೆ ಸೋತದ್ದು ಗೊತ್ತಾಗುವುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?’

ಗೆದ್ದದ್ದು ಯಾರ ಮೇಲೆ ಎಂದು ನೆನೆದು ನಾಚಿಕೆಯಾಯಿತು.

‘ನಾಳೆ ಶುಕ್ರವಾರ ಅಲ್ವಾ? ಚರ್ಚಿಗೆ ಹೋಗಿ ಬರ್ತೇನೆ. ಹತ್ತು ಗಂಟೆಗೆ ನೀವು ಬನ್ನಿ. ಚಿನ್ನಿ ಬೇಡ, ನೀವೊಬ್ಬರೇ’ ಎಂದರು.

ಹೋದೆ. ಅವರ ಹಜಾರದಲ್ಲಿ ಒಂದು ಗೇಣು ಎತ್ತರದ ಹಳದಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಮೊಣಕಾಲು ಕಿವಿಯ ಹತ್ತಿರ ಬಂತು. ಎದುರಿಗೆ ಜಿಸಾ ಎಂಬ ಎರಡು ವರ್ಷದ ಹುಡುಗಿ ಕೂತಿದ್ದಳು. ಅವಳ ಅಮ್ಮ ನರ್ಸು, ಆ ದಿನ ಅವರಿಗೆ ಡ್ಯೂಟಿ ಇತ್ತು. ಲಿಲ್ಲಿ ಬಾಯಿ ನಮ್ಮಿಬ್ಬರ ಮುಂದೆಯೂ ಒಂದೊಂದು ಹಾಳೆ, ಒಂದೊಂದು ಮುರುಕು ಕ್ರೇಯಾನು ಇಟ್ಟು ‘ಗೀಚಿ’ ಎಂದರು. ಜಿಸಾ ಶುರು ಮಾಡಿಯೇಬಿಟ್ಟಳು. ನಾನೂ ಕೈಯಾಡಿಸಿದೆ.

‘ಇದು ಸ್ಪ್ರಿಂಗು’ ಎಂದರು ಲಿಲ್ಲಿ ಬಾಯಿ ಬಗ್ಗಿ ನೋಡಿ. ಹೌದು, ಸುರುಳಿಗಳೆಲ್ಲ ಒಂದೇ ಅಳತೆಯವು. ಹಾಳೆ ಬದಲಾಯಿಸಿದರು. ಈ ಸಲ ಅಡ್ಡಾದಿಡ್ಡಿ ಎಳೆದೆ. ‘ಇದು ಜರಡಿ.’ ಮೂರನೆಯದಕ್ಕೆ ಕಣ್ಣು ಮುಚ್ಚಿಕೊಂಡು ಎಳೆದೆ. ಕಣ್ಣು ಬಿಟ್ಟರೆ ಪೈಪಿನ ಮೂಲೆ ತಿರುವು ಕೂತಿತ್ತು, ಜೋಡಣೆಯ ಬಳೆ ಸಮೇತ. ಲಿಲ್ಲಿ ಬಾಯಿ ನಗಲಿಲ್ಲ. ಕಾಯಿಲೆ ಎಷ್ಟು ಹಳೆಯದು ಎಂದು ಡಾಕ್ಟರು ನೋಡುವಂತೆ ನೋಡಿದರು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಡ್ರಾಯಿಂಗ್ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಹೂಜಿ ಬರೆದು, ಅದಕ್ಕಿಂತ ಬೇರೆ ಆಕಾರದ ಹೂಜಿ ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಒಮ್ಮೆಯೂ ಬೆಂಚು ಹತ್ತಲಿಲ್ಲ. ಅದನ್ನೇ ನನ್ನ ಜೀವನದ ದೊಡ್ಡ ಸಾಧನೆ ಎಂದುಕೊಂಡಿದ್ದವನು, ನಲವತ್ತರ ಹತ್ತಿರ ಬಂದು, ಹಳದಿ ಕುರ್ಚಿಯಲ್ಲಿ ಕೂತು, ಎರಡು ವರ್ಷದ ಮಗುವಿನ ಕೈಯನ್ನು ಕದ್ದು ಕದ್ದು ನೋಡುತ್ತಿದ್ದೆ. ಆ ಕೈಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅದಕ್ಕೇ ಎಲ್ಲ ಕಡೆಗೂ ಹೋಗುತ್ತಿತ್ತು.

‘ಕಾಗದದಲ್ಲಿ ನಿಮಗೆ ಆಗ್ಲಿಕ್ಕಿಲ್ಲ’ ಎಂದು ಕೊನೆಗೆ ತೀರ್ಪು ಕೊಟ್ಟರು. ‘ಕಾಗದ ಕಂಡ್ರೆ ನಿಮಗೆ ಡ್ಯೂಟಿ ನೆನಪಾಗ್ತದೆ. ನೀರಿನಲ್ಲಿ ಮಾಡಿ. ಟೆರೇಸಿಗೆ ಬಕೆಟು, ಪೇಂಟ್ ಹೊಡೆಯುವ ಬ್ರಶ್ ತಗೊಂಡು ಹೋಗಿ. ಚಿನ್ನಿಯನ್ನು ಕರ್ಕೊಂಡು ಹೋಗಿ, ಆದರೆ ಅವಳಿಗೆ ಬರಿ ಅಂತ ಹೇಳ್ಬೇಡಿ. ಎಂತದೂ ಹೇಳ್ಬೇಡಿ. ಒಂದು ತಿಂಗಳು ಸ್ವಲ್ಪ ದಡ್ಡರಾಗಿ ಇರಿ, ನೋಡುವ.’

ಮೇ ತಿಂಗಳು. ಬಹರೇನಿನ ಬಿಸಿಲು ಬೆಳಿಗ್ಗೆ ಏಳಕ್ಕೇ ನೆತ್ತಿಗೆ ಕೈ ಹಾಕುವ ಕಾಲ. ಟೆರೇಸಿನ ಬೀಗದ ಕೈ ವಾಚ್‌ಮನ್ ಕರೀಂ ಭಾಯಿಯ ಹತ್ತಿರ ಇತ್ತು. ಢಾಕಾ ಕಡೆಯ ವಯಸ್ಸಾದ ಮನುಷ್ಯ. ಬಕೆಟು, ಬ್ರಶ್ಶು ನೋಡಿ ‘ಲೀಕೇಜ್ ಹೈ ಕ್ಯಾ, ಸಾಬ್?’ ಎಂದರು. ಇಲ್ಲ, ಗೀಚಲು ಎಂದು ಹಿಂದಿಯಲ್ಲಿ ಹೇಳುವುದು ಹೇಗೆಂದು ತಿಳಿಯದೆ ‘ಹಾಂ, ಥೋಡಾ’ ಎಂದುಬಿಟ್ಟೆ. ನೀರಿನ ಟ್ಯಾಂಕುಗಳ ನೆರಳಲ್ಲಿ ಚಿನ್ನಿಯನ್ನು ಕೂರಿಸಿ, ನಾನು ಬಿಸಿಲಿನ ಸಿಮೆಂಟಿನ ಮೇಲೆ ಬ್ರಶ್ಶು ಎಳೆದೆ. ಕಪ್ಪಗೆ ಒಂದು ಗೆರೆ ಬಂತು. ಅದು ಏನಾದರೂ ಆಗುವ ಮೊದಲೇ ಒಣಗಿ ಮಾಯವಾಯಿತು. ಇನ್ನೊಂದು ಎಳೆದೆ, ಅದೂ ಹೋಯಿತು. ಎಷ್ಟೋ ಹೊತ್ತಾದ ಮೇಲೆ ನನಗೆ ತಿಳಿದದ್ದು, ನಾನು ಗೀಚುತ್ತಿದ್ದೇನೆ ಎಂದು. ಸೊಟ್ಟ ಗೆರೆಗೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ. ಚಿಕ್ಕಂದಿನ ಸ್ಲೇಟು, ಬಳಪ, ಎಂಜಲು ಹಚ್ಚಿ ಒರೆಸಿದ ಮುಂಗೈ, ಎಲ್ಲ ನೆನಪಾಯಿತು. ಚಿನ್ನಿ ಮಾತ್ರ ಅಲುಗಲಿಲ್ಲ. ಆ ಶುಕ್ರವಾರ ನಾನೊಬ್ಬನೇ ಬೆವರಿ, ಖಾಲಿ ಬಕೆಟು ಹಿಡಿದು ಇಳಿದು ಬಂದೆ.

ಎರಡನೆಯ ಶುಕ್ರವಾರವೂ ಅಷ್ಟೇ. ಮೂರನೆಯದಕ್ಕೆ ಸುಧಾಳೂ ಬಂದಳು. ನಾನು ಗೀಚುತ್ತಿದ್ದಾಗ ಹಿಂದಿನಿಂದ ‘ಹೋಯ್ತು!’ ಎಂಬ ದನಿ ಕೇಳಿತು. ತಿರುಗಿ ನೋಡಿದರೆ ಚಿನ್ನಿ ಎದ್ದು ನಿಂತಿದ್ದಳು. ಮತ್ತೊಂದು ಗೆರೆ ಎಳೆದೆ. ‘ಹೋಯ್ತು! ಅಪ್ಪಂದು ಹೋಯ್ತು!’ ಎಂದು ನಗತೊಡಗಿದಳು. ಇಂಥ ಆನೆಗಳ ಸರದಾರನ ಕೈಯಲ್ಲಿ ಒಂದೂ ಉಳಿಯುತ್ತಿಲ್ಲ ಎಂಬುದು ಅವಳಿಗೆ ಬಹಳ ಖುಷಿ ಕೊಟ್ಟಿರಬೇಕು. ನಾನು ಬ್ರಶ್ಶನ್ನು ಬಕೆಟಿನಲ್ಲಿ ಬಿಟ್ಟು, ಟ್ಯಾಂಕಿನ ನಲ್ಲಿ ನೋಡುವವನ ಹಾಗೆ ಆ ಕಡೆ ತಿರುಗಿ ನಿಂತೆ. ಸುಧಾಳ ಬಳೆಯ ಸದ್ದು ಒಮ್ಮೆ ಆಗಿ ನಿಂತಿತು. ಮತ್ತೆ ತಿರುಗುವಷ್ಟರಲ್ಲಿ ಚಿನ್ನಿ ಎರಡೂ ಕೈಯಲ್ಲಿ ಬ್ರಶ್ಶು ಹಿಡಿದು, ಬಗ್ಗಿ, ಹಿಂದೆ ಹಿಂದೆ ನಡೆಯುತ್ತ ನೆಲದ ಮೇಲೆ ಎಳೆಯುತ್ತಿದ್ದಳು. ಟ್ಯಾಂಕಿನಿಂದ ಮೆಟ್ಟಿಲ ಬಾಗಿಲವರೆಗೆ ಒಂದು ಉದ್ದನೆಯ, ವಕ್ರವಾದ, ಎಲ್ಲೂ ಕಡಿಯದ ಗೆರೆ. ನನ್ನ ಬಾಯಿ ತೆರೆಯಿತು. ಸುಧಾ ನನ್ನ ತೋಳು ಹಿಂಡಿದಳು. ಬಾಯಿ ಮುಚ್ಚಿತು.

ಚಿನ್ನಿ ನೆಟ್ಟಗೆ ನಿಂತು ತನ್ನ ಗೆರೆ ನೋಡಿದಳು. ಅದು ಆ ತುದಿಯಿಂದ ಒಣಗುತ್ತ ಒಣಗುತ್ತ ಅವಳ ಕಡೆಗೇ ಬಂದು, ಪಾದದ ಹತ್ತಿರ ಒಂದು ಚೂರು ಉಳಿದು, ಅದೂ ಹೋಯಿತು. ಅಳುತ್ತಾಳೆಂದುಕೊಂಡೆ. ಅವಳು ‘ಹೋಯ್ತು’ ಎಂದು ತನಗೆ ತಾನೇ ಹೇಳಿಕೊಂಡು, ಓಡಿ ಹೋಗಿ ಬ್ರಶ್ಶು ಅದ್ದಿಕೊಂಡು ಬಂದಳು. ನಾನು ಕ್ಯಾಮೆರಾ ತರಲು ಎರಡು ಮಹಡಿ ಇಳಿದು ಏದುಸಿರು ಬಿಡುತ್ತ ಮೇಲೆ ಬಂದಾಗ ಅಮ್ಮ ಮಗಳು ಇಬ್ಬರೂ ಖಾಲಿ ಬಕೆಟಿನ ಪಕ್ಕ ಕೂತಿದ್ದರು. ಸಿಮೆಂಟಿನ ಮೇಲೆ ಏನೂ ಇರಲಿಲ್ಲ. ಇಬ್ಬರ ಮುಖ ನೋಡಿ, ನಾನು ನೋಡದೆ ಕಳೆದುಕೊಂಡದ್ದು ಚೆನ್ನಾಗಿತ್ತು ಎಂದು ಮಾತ್ರ ತಿಳಿಯಿತು.

ಕ್ರೇಯಾನಿಗೆ ಅವಳು ಮರಳಿದ್ದು ಅದಾಗಿ ಎರಡು ಮೂರು ವಾರಕ್ಕೆ, ಲಿಲ್ಲಿ ಬಾಯಿಯವರ ಮನೆಯಲ್ಲಿ, ನಾನಿಲ್ಲದ ಹೊತ್ತಿನಲ್ಲಿ. ಯಾವ ಬಣ್ಣ, ಏನು ಗೀಚಿದಳು ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ. ಮಾತೂ ಮಳೆಗಾಲದ ಹಳ್ಳದ ಹಾಗೆ ಒಮ್ಮೆಲೇ ಹರಿಯಿತು, ಅರ್ಧ ದಾವಣಗೆರೆ, ಅರ್ಧ ಕಾರ್ಕಳ. ‘ನಂಗೆ ಬರಲ್ಲ’ ಪೂರ್ತಿ ಹೋಗಲಿಲ್ಲ. ಮೊಸರನ್ನ ಕಂಡಾಗ ಆಮೇಲೂ ಬರುತ್ತಿತ್ತು. ಆದರೆ ಅದು ಸೋಮಾರಿತನದ್ದು. ಹೆದರಿಕೆಯದ್ದು ಬೇರೆ ದನಿಯಲ್ಲಿರುತ್ತದೆ, ಒಮ್ಮೆ ಕೇಳಿದವನಿಗೆ ಗೊತ್ತಾಗುತ್ತದೆ.

ಇಲ್ಲಿಗೆ ಮುಗಿಸಿದ್ದರೆ ನಾನು ತಿದ್ದಿಕೊಂಡ ಒಳ್ಳೆಯ ತಂದೆ ಎಂದು ನೀವು ತಿಳಿಯುತ್ತಿದ್ದಿರಿ. ಆದರೆ ಹೊಸದಾಗಿ ತಿಳಿವಳಿಕೆ ಬಂದವನ ಕಾಟ ಹೊಸ ಮುಲ್ಲಾನ ಬಾಂಗಿನ ಹಾಗೆ. ಬಸ್ಸಿನಲ್ಲಿ ಪಿಳ್ಳೆಯವರಿಗೆ ಮೊಮ್ಮಗನ ಮುಂದೆ ತಪ್ಪಿಯೂ ಚಿತ್ರ ಬರೆಯಬಾರದು ಎಂದು ಒಂದು ವಾರ ಉಪದೇಶ ಮಾಡಿದೆ. ಅವರು ಸೀಟು ಬದಲಾಯಿಸಿದರು. ಚಿನ್ನಿಗೆ ಮೂರೂವರೆಯಾದಾಗ ಕೆ.ಜಿ. ಸೀಟಿಗಾಗಿ ಒಂದು ಶಾಲೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಟೀಚರ್, ಸೌಮ್ಯ ಮುಖದ ಹೆಂಗಸು, ಚಿನ್ನಿಯ ಮುಂದೆ ಒಂದು ಹಾಳೆ ಇಟ್ಟರು. ಅದರಲ್ಲಿ ದಪ್ಪ ಅಂಚಿನ ಒಂದು ಸೇಬು. ‘ಗೆರೆಯ ಒಳಗೆ ಬಣ್ಣ ತುಂಬು, ಹೊರಗೆ ಹೋಗಬಾರದು’ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಮಕ್ಕಳಿಗೆ ಅಂಚು ಕೊಡುವುದು ಎಷ್ಟು ದೊಡ್ಡ ಅನ್ಯಾಯ, ಕೈ ತಿರುಗಿದರೆ ಗೆರೆ ಬರುತ್ತದೆ ಎಂಬ ಸತ್ಯವನ್ನು ಮಗು ತಾನೇ ಕಾಣಬೇಕು, ಸೇಬು ಹೀಗೇ ಇರಬೇಕೆಂದು ಹೇಳಲು ನಾವು ಯಾರು ಎಂದು ಶುರು ಮಾಡಿದೆ. ಮೇಜಿನಡಿ ಸುಧಾ ನನ್ನ ಕಾಲನ್ನು ಮೆಟ್ಟಿದಳು. ನಾನು ಮುಂದುವರಿಸಿದೆ. ಇನ್ನೂ ಜೋರಾಗಿ ಮೆಟ್ಟಿದಳು. ಅಷ್ಟರಲ್ಲಿ ಚಿನ್ನಿ ಸೇಬಿಗೆ ಕೆಂಪು ಬಳಿದು, ಅಂಚು ಒಂದಿಷ್ಟೂ ದಾಟದೆ, ಎಲೆಗೆ ಹಸಿರು ಹಚ್ಚಿ, ಟೀಚರ ಕೈಯಿಂದ ನಕ್ಷತ್ರದ ಸ್ಟಿಕ್ಕರು ಪಡೆದು ಹಣೆಗೆ ಅಂಟಿಸಿಕೊಂಡಿದ್ದಳು. ಅವಳಿಗೆ ಸ್ಟಿಕ್ಕರು ಬೇಕಿತ್ತು, ಅಷ್ಟೇ.

ಟೀಚರು ನಗುನಗುತ್ತ ನನ್ನ ಮುಂದೆಯೂ ಒಂದು ಕಾಗದ ಇಟ್ಟರು. ಪ್ರವೇಶದ ಅರ್ಜಿ. ತುಂಬ ಸಣ್ಣ ಸಣ್ಣ ಚೌಕಗಳು, ಒಂದು ಚೌಕಕ್ಕೆ ಒಂದೇ ಅಕ್ಷರ. ಬೇರೆ ಮಾತಿಗೆ ಎಡೆಯಿಲ್ಲದೆ ನಾನು ಪೆನ್ನು ತೆಗೆದೆ. ಹೆಸರು, ಅಡ್ಡಹೆಸರು, ವಿಳಾಸ, ಒಂದು ಅಕ್ಷರವೂ ಗೆರೆ ಮುಟ್ಟದಂತೆ, ಎಲ್ಲಕ್ಕೂ ಒಂದೇ ಎತ್ತರ ಬರುವಂತೆ, ನಾಲಿಗೆಯ ತುದಿ ಹೊರಗೆ ಹಾಕಿ ತುಂಬಿದೆನಂತೆ, ಸುಧಾ ಹೇಳುತ್ತಾಳೆ. ಟೀಚರು ಅದನ್ನು ಬೆಳಕಿಗೆ ಹಿಡಿದು ನೋಡಿ, ‘ವೆರಿ ನೀಟ್, ಸರ್! ಇಷ್ಟು ಚೆನ್ನಾಗಿ ಯಾರೂ ತುಂಬಿಲ್ಲ’ ಎಂದರು.

ಮನೆಗೆ ಮರಳುವ ದಾರಿಯುದ್ದಕ್ಕೂ, ಆ ಟೀಚರು ಬಹಳ ಒಳ್ಳೆಯವರು, ಮಕ್ಕಳ ಮನಸ್ಸು ಅವರಿಗೆ ಚೆನ್ನಾಗಿ ಗೊತ್ತು ಎಂದು ನಾನು ಹೇಳುತ್ತಲೇ ಇದ್ದೆ.